ಮೆಂತ್ಯದ ಮಾಸ್ಟರು

ನಮ್ಮ ಮಾವನವರ ಪ್ರಕಾರ ಜಗತ್ತಿನಲ್ಲಿ ಕೆಟ್ಟ ಮೈ ಎಂಬುದಿಲ್ಲ, ಕೆಟ್ಟ ಅಳತೆ ಮಾತ್ರ ಇದೆ. ಬೆನ್ನು ಬಾಗಿದವರು, ಒಂದು ಭುಜ ಇಳಿದವರು, ಊಟಕ್ಕೆ ಮುಂಚೆ ಒಂದು ಸೊಂಟ, ಊಟವಾದ ಮೇಲೆ ಇನ್ನೊಂದು ಸೊಂಟ ಇರುವವರು, ಎಲ್ಲರೂ ಅವರ ಹೊಲಿಗೆ ಅಂಗಡಿಯ ಕನ್ನಡಿಯ ಮುಂದೆ ನೆಟ್ಟಗಾಗಿ ಹೋಗಿದ್ದಾರೆ. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಅಂತ ಗೊತ್ತಿದ್ದರೆ ಸಾಕು ಎನ್ನುವುದು ಅವರ ಸಿದ್ಧಾಂತ. ಇದನ್ನು ಅವರು ಬಟ್ಟೆಗೆ ಅನ್ವಯಿಸುತ್ತಿದ್ದ ತನಕ ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ಶುರುವಾದದ್ದು ಸಕ್ಕರೆ ಕಾಯಿಲೆಗೂ ಅನ್ವಯಿಸಿದಾಗ.

ಕಾಯಿಲೆ ಹೊಸದಲ್ಲ. ಬಹಳ ವರ್ಷಗಳಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ನಡೆದಿತ್ತು. ಅತ್ತೆ ಮಾತ್ರೆಯನ್ನು ಅಂಗೈಗೆ ಹಾಕಿ, ನೀರು ಕೊಟ್ಟು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದರು. ಮಾವನವರಿಗೆ ಮಾತ್ರೆಗಿಂತ ಈ ತಪಾಸಣೆಯೇ ಕಹಿ. ಅದರ ಜೊತೆಗೆ ಅಂಗಾಲು ಉರಿ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಕೆಂಡ ತುಳಿದವರ ಹಾಗೆ ಕಾಲನ್ನು ತಣ್ಣೀರಿನ ಬೋಗುಣಿಯಲ್ಲಿ ಮುಳುಗಿಸಿ, ಗಿರಾಕಿಗಳಿಗೆ ಅಲ್ಲಿಂದಲೇ ಅಪ್ಪಣೆ ಕೊಡುತ್ತಿದ್ದರು. ನನ್ನ ಗಂಡ ತೀರಿಕೊಂಡ ಮೇಲೆ ಕಾಜಾ ಗುಂಡಿಯ ಕೆಲಸ ನನಗೆ ಬಂದಿತ್ತು. ಹಾಗಾಗಿ ಮುಂದೆ ನಡೆದದ್ದನ್ನೆಲ್ಲ ನಾನು ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತೇ ನೋಡಿದೆ.

ಮೆಂತ್ಯದ ಮಾತು ತೆಗೆದವರು ಎದುರು ಕಟಿಂಗ್ ಅಂಗಡಿಯವರು. ಅವರಿಗೂ ಸಕ್ಕರೆ ಕಾಯಿಲೆ. ಕೂದಲು ಕತ್ತರಿಸುವಾಗ ಗಿರಾಕಿಯ ತಲೆ ಕೈಯಲ್ಲಿರುತ್ತದಲ್ಲ, ಅವರ ಮಾತಿಗೆ ಯಾರೂ ತಲೆ ಅಲ್ಲಾಡಿಸುವಂತಿಲ್ಲ.

"ಮಾಸ್ಟ್ರೇ, ರಾತ್ರಿ ಒಂದು ಚಮಚ ಮೆಂತ್ಯ ನೀರಲ್ಲಿ ಹಾಕಿಡಿ. ಬೆಳಿಗ್ಗೆ ಬರೀ ಹೊಟ್ಟೇಲಿ ನೀರು ಕುಡಿದು, ಕಾಳು ಅಗಿದು ನುಂಗಿ. ಆಮೇಲೆ ನೋಡಿ."

"ಏನು ನೋಡ್ಲಿ?"

"ನೋಡಿ ಅಂದ್ನಲ್ಲ, ಅಷ್ಟೇ. ಕತ್ತು ಬಗ್ಗಿಸಿ."

ಮೆಂತ್ಯದ ಮೇಲೆ ನನಗೆ ಯಾವ ದೂರೂ ಇಲ್ಲ. ನೆನೆದ ಕಾಳು ಲೋಳೆ ಬಿಡುತ್ತದೆ. ಊಟದ ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗದ ಹಾಗೆ ಆ ಲೋಳೆ ಸ್ವಲ್ಪ ತಡೆಯುತ್ತದೆ ಎಂದು ಓದಿದವರೂ ಹೇಳುತ್ತಾರೆ. ಆದರೆ 'ಸ್ವಲ್ಪ' ಎಂಬ ಮಾತು ನಮ್ಮ ಮಾವನವರ ಕಿವಿಯಲ್ಲಿ ನಿಲ್ಲುವಂಥದ್ದಲ್ಲ.

ಮೆಂತ್ಯ ತಿನ್ನಲು ಹಿಡಿದ ಕೆಲವು ತಿಂಗಳಿಗೆ ಅಂಗಾಲಿನ ಉರಿ ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ಬೋಗುಣಿ ಬಚ್ಚಲಿಗೆ ಮರಳಿತು. ಮಾವನವರು ಅಂಗಡಿಯ ನಡುವೆ ನಿಂತು ಒಂದೊಂದೇ ಕಾಲನ್ನು ನೆಲಕ್ಕೆ ಬಡಿದು ನೋಡಿದರು.

"ಏನೂ ಇಲ್ಲ ಕಣಮ್ಮಾ," ಎಂದರು ನನಗೆ. "ಹತ್ತಿ ಮೇಲೆ ನಿಂತ ಹಾಗಿದೆ."

ಆ ದಿನ ಸಂಜೆ ಮಾತ್ರೆ ಹಿಡಿದು ಬಂದ ಅತ್ತೆಯನ್ನು ಅವರು ಕೈ ಅಡ್ಡ ಹಿಡಿದು ತಡೆದರು.

"ಬೇಡ. ಗುಣ ಆಗಿದೆ."

"ಯಾರು ಹೇಳಿದ್ದು?"

"ನನ್ನ ಕಾಲು ಹೇಳ್ತು."

"ಕಾಲು ಹೇಳಿದ್ದನ್ನ ತಲೆ ಕೇಳ್ಬಾರದು ಕಣ್ರೀ. ಡಾಕ್ಟ್ರ ಹತ್ರ ಒಂದ್ಸಲ ರಕ್ತ ತೋರಿಸಿ."

"ಫಿಟ್ಟಿಂಗ್ ಸರಿಯಾಗಿರೋ ಪ್ಯಾಂಟನ್ನ ಯಾರಾದರೂ ಟೈಲರ್ ಹತ್ರ ತಗೊಂಡು ಹೋಗ್ತಾರೇನೇ?"

ಅತ್ತೆ ಮಾತ್ರೆಯನ್ನು ಡಬ್ಬಿಗೆ ವಾಪಸು ಹಾಕಿದರು. ಮಾವನವರು ಅದನ್ನು ಒಪ್ಪಿಗೆ ಎಂದು ತಿಳಿದರು. ಡಾಕ್ಟರಮ್ಮನ ಕ್ಲಿನಿಕ್ಕು ನಮ್ಮ ಬೀದಿಯ ತುದಿಯಲ್ಲೇ ಇತ್ತು. ಅಂದಿನಿಂದ ಮಾವನವರು ಬಸ್ ನಿಲ್ದಾಣಕ್ಕೆ ಹೋಗಬೇಕಾದರೂ ಹಿಂದಿನ ಗಲ್ಲಿಯಿಂದ ಸುತ್ತಿ ಹೋಗಲಾರಂಭಿಸಿದರು. ಗುಣವಾದವರು ಮುಖ ತೋರಿಸಿದರೆ ಡಾಕ್ಟರಿಗೆ ಅವಮಾನವಾಗಬಹುದು ಎಂಬ ಸೌಜನ್ಯ.

ಒಳ್ಳೆಯ ಸುದ್ದಿಗೆ ಹೊಲಿಗೆ ಅಂಗಡಿಗಿಂತ ಒಳ್ಳೆಯ ಜಾಗವಿಲ್ಲ. ಕೈ ಚಾಚಿ, ಎದೆಗೆ ಟೇಪು ಸುತ್ತಿಸಿಕೊಂಡು ನಿಂತ ಮನುಷ್ಯ ಎಲ್ಲಿಗೂ ಓಡಿಹೋಗುವಂತಿಲ್ಲ. "ಸೊಂಟ ಮೂವತ್ತೆಂಟು. ಸಕ್ಕರೆ ಇದೆಯಾ?" ಎಂದು ಮಾವನವರು ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು. ಇದೆ ಎಂದರೆ ಮಾತ್ರೆ ಬಿಟ್ಟು ಮೆಂತ್ಯ. ಇಲ್ಲ ಎಂದರೆ, ಮುಂದೆ ಬರದಿರಲಿ ಎಂದು ಮೆಂತ್ಯ. ಎಷ್ಟು ತಿನ್ನಬೇಕು ಎನ್ನುವುದನ್ನೂ ಅವರು ತಮ್ಮ ವೃತ್ತಿಯ ದಾರಿಯಲ್ಲೇ ಕಂಡುಹಿಡಿದಿದ್ದರು. ಸೂಜಿ ಚುಚ್ಚದಂತೆ ಬೆರಳ ತುದಿಗೆ ತೊಡುವ ಲೋಹದ ಟೊಪ್ಪಿ ಇದೆಯಲ್ಲ, ಅದರ ತುಂಬ ಒಂದು ಅಳತೆ. ತೆಳ್ಳಗಿನ ಸೊಂಟಕ್ಕೆ ಒಂದು ಟೊಪ್ಪಿ, ನಡುವಣ ಸೊಂಟಕ್ಕೆ ಎರಡು. ಟೇಪು ಸಾಲದವರಿಗೆ ಧಾರಾಳ.

ಜನ ಬಟ್ಟೆ ಇಲ್ಲದೆಯೂ ಬರಲಾರಂಭಿಸಿದರು. ಅಂಗಡಿಯೆಲ್ಲ ಮೆಂತ್ಯದ ವಾಸನೆ. ಹೊಲಿದು ಕೊಟ್ಟ ಕೋಟಿಗೂ ಅದೇ ವಾಸನೆ. ಸಂದರ್ಶನಕ್ಕೆಂದು ಕೋಟು ಹೊಲಿಸಿದ ಒಬ್ಬರನ್ನು, "ಊಟ ಮಾಡಿ ಬಂದ್ರಾ?" ಎಂದು ಮೊದಲ ಪ್ರಶ್ನೆ ಕೇಳಿದರಂತೆ.

ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮಾವನವರು ಗಿರಾಕಿಯ ಭವಿಷ್ಯಕ್ಕೂ ಕೈಹಾಕಿದರು. ಮೆಂತ್ಯ ಹಿಡಿದವನು ಬಟ್ಟೆ ತೆಗೆದುಕೊಳ್ಳಲು ಬರುವಷ್ಟರಲ್ಲಿ ಇಳಿದಿರುತ್ತಾನೆ, ಹಾಗಾದರೆ ಇಂದಿನ ಸೊಂಟಕ್ಕೆ ಹೊಲಿಯುವುದು ಮೋಸವಲ್ಲವೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಹಾಗಾಗಿ ಮೆಂತ್ಯದ ಗಿರಾಕಿಗಳ ಪ್ಯಾಂಟನ್ನೆಲ್ಲ ಅವರು ಮುಂದೆ ಆಗಬೇಕಾದ ಸೊಂಟಕ್ಕೆ ಹೊಲಿಯತೊಡಗಿದರು.

ಈ ಹೊತ್ತಿಗೆ ಹೆಲ್ತ್ ಇನ್ಸ್‌ಪೆಕ್ಟರು ಬಂದರು. ಯಾರೋ ಅರ್ಜಿ ಹಾಕಿದ್ದರು. ಬಹುಶಃ ಹಿಂದಿನ ಬೀದಿಯ ಟೈಲರು.

"ಇಲ್ಲಿ ಔಷಧಿ ಕೊಡ್ತಿದ್ದೀರಂತೆ. ಲೈಸೆನ್ಸ್ ಇದೆಯಾ?"

"ಇದೆ ಸಾರ್. ಹೊಲಿಗೆ ಅಂಗಡಿದು."

"ಔಷಧಿಗೆ?"

"ಮೆಂತ್ಯ ಔಷಧಿ ಅಲ್ಲ ಸಾರ್, ಅಡಿಗೆ ಸಾಮಾನು."

"ಹಾಗಾದ್ರೆ ಆಹಾರದ ಲೈಸೆನ್ಸ್ ಬೇಕು."

"ನಾನು ಸಾಮಾನು ಮಾರಲ್ಲ ಸಾರ್. ಬರೀ ಸಲಹೆ ಕೊಡ್ತೀನಿ."

"ಸಲಹೆಗೆ…" ಇನ್ಸ್‌ಪೆಕ್ಟರು ಗೋಡೆಯತ್ತ ನೋಡಿ ಯೋಚಿಸಿದರು. ಸಲಹೆಗೆ ಯಾವ ಇಲಾಖೆ ಎಂಬುದು ಅವರಿಗೆ ನೆನಪಾಗಲಿಲ್ಲ. ಅಷ್ಟರಲ್ಲಿ ಮಾವನವರ ಟೇಪು ಅವರ ಸೊಂಟ ಸುತ್ತಿ ಬಂದಿತ್ತು.

"ಕೈ ಎತ್ತಿ ಸಾರ್."

ಇಲಾಖೆ ಕೈ ಎತ್ತಿತು.

"ಸಕ್ಕರೆ ಇದೆಯಾ?"

ಇನ್ಸ್‌ಪೆಕ್ಟರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹೋದ ವರ್ಷದಿಂದ. ಮನೇಲಿ ಹೇಳಿಲ್ಲ."

ಅವರು ಮೆಂತ್ಯದ ಅಳತೆ ಕೇಳಿಕೊಂಡು, ಒಂದು ಪ್ಯಾಂಟಿಗೂ ಅಳತೆ ಕೊಟ್ಟು ಹೋದರು. ಪ್ಯಾಂಟು ಕೊಂಡುಹೋದ ಮರುದಿನವೇ ವಾಪಸು ಬಂದರು.

"ಏನ್ರೀ ಇದು? ಗುಂಡಿ ಹಾಕಿದ್ರೆ ಉಸಿರು ಬರಲ್ಲ, ಉಸಿರು ಬಿಟ್ರೆ ಗುಂಡಿ ನಿಲ್ಲಲ್ಲ!"

ಮಾವನವರು ಪ್ಯಾಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಪ್ಯಾಂಟ್ ಸರಿಯಾಗೇ ಇದೆ ಸಾರ್," ಎಂದರು ಮರುಕದಿಂದ. "ನೀವೇ ತಡ ಮಾಡಿದ್ದೀರಿ."

ಇನ್ಸ್‌ಪೆಕ್ಟರು ನಾಚಿ, ಅಳತೆಯನ್ನು ಎರಡು ಟೊಪ್ಪಿ ಹೆಚ್ಚಿಸಿಕೊಂಡು ಹೊರಟರು. ಅತ್ತೆ ಒಳಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು.

"ಹುಚ್ಚು ಒಬ್ಬರಿಗೆ ಹಿಡಿದ್ರೆ ಮದ್ದು ಕೊಡಬಹುದು," ಎಂದರು ನನಗೆ. "ಬೀದಿಗೇ ಹಿಡಿದ್ರೆ ಯಾರಿಗೆ ಕೊಡೋದು?"

ಹಿರಿಯರ ಸಂಘದ ಕಾರ್ಯದರ್ಶಿಗಳಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಅವರ ಸಂಘದಲ್ಲಿ ತಿಂಗಳಿಗೊಂದು ಉಪನ್ಯಾಸ ನಡೆಯುತ್ತದೆ; ಕೇಳುವವರಿಗಿಂತ ಮಾತಾಡುವವರಿಗೇ ಕೊರತೆ. 'ಮೆಂತ್ಯ ಮತ್ತು ನಾನು' ಎಂಬ ವಿಷಯದ ಮೇಲೆ ಮಾವನವರ ಮಾತು ನಿಗದಿಯಾಯಿತು. ಮಾವನವರು ತಮಗೇ ಒಂದು ಹೊಸ ಪ್ಯಾಂಟು ಹೊಲಿದುಕೊಂಡರು. ವಿಚಿತ್ರವೆಂದರೆ ಅದು ಅವರಿಗೆ ಸಡಿಲವಾಯಿತು. ಮೈ ನಿಜವಾಗಿಯೂ ಇಳಿದಿತ್ತು. ಮುಖ ಬತ್ತಿತ್ತು. ಪದೇ ಪದೇ ನೀರು ಕುಡಿಯುತ್ತಿದ್ದರು.

"ನೋಡಿದ್ಯಾ, ಹೇಗೆ ಇಳಿದಿದ್ದೀನಿ?" ಎಂದು ಅತ್ತೆಯ ಮುಂದೆ ಸೊಂಟಪಟ್ಟಿ ಎಳೆದು ತೋರಿಸಿದರು.

"ನೋಡ್ತಾನೇ ಇದ್ದೀನಿ," ಎಂದರು ಅತ್ತೆ. ಅವರ ದನಿ ಹೆಮ್ಮೆಯದಾಗಿರಲಿಲ್ಲ.

ಉಪನ್ಯಾಸದ ದಿನ ಬೆಳಿಗ್ಗೆಯೂ ಮಾವನವರು ಬರಿಗಾಲಲ್ಲಿ ಯಂತ್ರ ತುಳಿದು ಒಂದು ತುರ್ತಿನ ಕೆಲಸ ಮುಗಿಸಿದರು. ಆಮೇಲೆ ಬಿಳಿ ಕಾಲುಚೀಲ, ಹೊಸ ಬೂಟು ಹಾಕಿಕೊಂಡು ನಮ್ಮೊಂದಿಗೆ ನಡೆದೇ ಸಂಘಕ್ಕೆ ಬಂದರು. ಸಭಾಂಗಣ ತುಂಬಿತ್ತು. ಕಟಿಂಗ್ ಅಂಗಡಿಯವರು ಮುಂದಿನ ಸಾಲಿನಲ್ಲಿದ್ದರು. ಇನ್ಸ್‌ಪೆಕ್ಟರು ಕೊನೆಯ ಸಾಲಿನಲ್ಲಿ, ಯಾರಿಗೂ ಕಾಣದಂತೆ ಎಂದು ತಾವು ತಿಳಿದ ಜಾಗದಲ್ಲಿ ಕೂತಿದ್ದರು. ವೇದಿಕೆ ಹತ್ತಿದ ಮೇಲೆ ಮಾವನವರಿಗೆ ಅಧ್ಯಕ್ಷರ ಕುರ್ಚಿಯಲ್ಲಿ ಕೂತವರು ಯಾರೆಂದು ಕಂಡಿತು. ಡಾಕ್ಟರಮ್ಮ. ಕಾರ್ಯದರ್ಶಿಗಳು ಒಳ್ಳೆಯ ಮನಸ್ಸಿನಿಂದಲೇ ಕರೆದಿದ್ದರು.

"ಏನು ಮಾಸ್ಟ್ರೇ, ಬಹಳ ದಿನ ಆಯ್ತು," ಎಂದರು ಡಾಕ್ಟರಮ್ಮ.

"ಬಿಡುವಿರಲಿಲ್ಲ ಡಾಕ್ಟ್ರೇ. ರೋಗಿಗಳು ಜಾಸ್ತಿ," ಎಂದರು ಮಾವ.

ಕಾರ್ಯದರ್ಶಿಗಳು ಪರಿಚಯ ಭಾಷಣ ಮುಗಿಸುವ ಹೊತ್ತಿಗೆ ಇಬ್ಬರು ಹಿರಿಯರು ನಿದ್ದೆ ಹೋಗಿದ್ದರು. ಮಾವನವರು ಮಾತ್ರ ನೇರ ವಿಷಯಕ್ಕೆ ಬಂದರು.

"ಮಾತು ಯಾಕೆ? ನಾನು ತೋರಿಸೇ ಬಿಡ್ತೀನಿ." ಕುರ್ಚಿಯ ಮೇಲೆ ಕೂತು ಬೂಟು ಬಿಚ್ಚಿದರು. "ಈ ಕಾಲು ಹೋದ ವರ್ಷ ಕೆಂಡದ ಹಾಗೆ ಉರೀತಿತ್ತು. ರಾತ್ರಿ ಹೊದಿಕೆ ತಾಗಿದ್ರೆ ಪ್ರಾಣ ಹೋಗೋದು. ಈಗ?" ಕಾಲುಚೀಲ ಎಳೆದು, ಅಂಗಾಲನ್ನು ಸಭೆಯ ಕಡೆ ಎತ್ತಿ ಹಿಡಿದರು. "ಏನೂ ಇಲ್ಲ!"

ಮುಂದಿನ ಸಾಲು ಹಾ ಎಂದು ಎದ್ದು ನಿಂತಿತು. ಮಾವನವರು ಸಂತೋಷದಿಂದ ತಲೆಬಾಗಿದರು. ಕಳಚಿದ ಕಾಲುಚೀಲ ಕೆಂಪಾಗಿತ್ತು. ಅಂಗಾಲಿನ ನಡುವೆ ನೀಲಿ ತಲೆಯ ಗುಂಡುಸೂಜಿ, ಬಟ್ಟೆಗೆ ಚುಚ್ಚಿದಷ್ಟು ಅಚ್ಚುಕಟ್ಟಾಗಿ, ತಲೆಯವರೆಗೂ ಇಳಿದಿತ್ತು.

"ಮಾಸ್ಟ್ರೇ," ಡಾಕ್ಟರಮ್ಮ ಎದ್ದರು, "ಅಲ್ಲಾಡಬೇಡಿ."

"ಪ್ರಶ್ನೆಗಳು ಆಮೇಲೆ ಡಾಕ್ಟ್ರೇ, ಮೊದಲು ಮುಗಿಸ್ತೀನಿ."

"ಮಾಸ್ಟ್ರೇ, ಕಾಲಲ್ಲಿ ಸೂಜಿ!" ಎಂದು ಕಟಿಂಗ್ ಅಂಗಡಿಯವರು ಕೂಗಿದರು.

ಮಾವನವರು ನಕ್ಕರು. "ನನ್ನ ಕಾಲಲ್ಲಿ ಸೂಜಿ ಇದ್ರೆ ನನಗೆ ಗೊತ್ತಾಗಲ್ವೇನಯ್ಯಾ?"

ಡಾಕ್ಟರಮ್ಮ ಬಗ್ಗಿ ಸೂಜಿಯನ್ನು ಎಳೆದು ತೆಗೆದು ಅವರ ಅಂಗೈಯಲ್ಲಿಟ್ಟರು. ಎಳೆಯುವಾಗಲೂ ಮಾವನವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವರು ಸೂಜಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ನಮ್ಮ ಅಂಗಡಿದೇ," ಎಂದರು ಕೊನೆಗೆ.

ಕ್ಲಿನಿಕ್ಕಿನಲ್ಲಿ ಬೆಳಕು ಹಿಡಿದು ನೋಡಿದಾಗ ಸೂಜಿಯ ಗಾಯ ಚಿಕ್ಕದು ಎಂದು ತಿಳಿಯಿತು. ದೊಡ್ಡದು ಕಿರುಬೆರಳ ಕೆಳಗಿತ್ತು. ಯಂತ್ರದ ಪೆಡಲಿನ ಅಂಚು ದಿನವೂ ಉಜ್ಜಿ ಆದ ಹುಣ್ಣು, ಒಳಗೊಳಗೇ ಕೊಳೆತಿತ್ತು. ರಕ್ತ ಪರೀಕ್ಷೆಯ ಯಂತ್ರದಲ್ಲಿ ಬಂದ ಸಂಖ್ಯೆಯನ್ನು ಡಾಕ್ಟರಮ್ಮ ಜೋರಾಗಿ ಓದಲಿಲ್ಲ. ತಿರುಗಿಸಿ ನಮಗೆ ತೋರಿಸಿದರು.

"ಆದ್ರೆ ಉರಿ ಹೋಯ್ತಲ್ಲ ಡಾಕ್ಟ್ರೇ?" ಮಾವನವರು ಇನ್ನೂ ಬಿಟ್ಟಿರಲಿಲ್ಲ. "ಮೆಂತ್ಯದಿಂದ?"

"ಉರಿ ಇದ್ದಷ್ಟು ದಿನ ಕಾಲು ನಿಮ್ಮ ಹತ್ರ ಜಗಳ ಆಡ್ತಿತ್ತು ಮಾಸ್ಟ್ರೇ. ಜಗಳ ನಿಂತಿದ್ದು ರಾಜಿಯಾಗಿ ಅಲ್ಲ. ಕಾಲು ಮಾತು ಬಿಟ್ಟಿದೆ. ನರ ಸತ್ತಿದೆ."

"ಹಾಗಾದ್ರೆ ಮೆಂತ್ಯ?"

"ಮೆಂತ್ಯ ತಿನ್ನಿ, ಯಾರು ಬೇಡ ಅಂದ್ರು? ಸಕ್ಕರೆ ಸ್ವಲ್ಪ ಇಳಿಸಬಹುದು. ಆದ್ರೆ ಮಾತ್ರೆ ಜತೆಗೆ, ನನಗೆ ಹೇಳಿ, ರಕ್ತ ನೋಡ್ಕೊಂಡು. ಎರಡೂ ಸೇರಿ ಸಕ್ಕರೆ ತೀರಾ ಇಳಿದ್ರೂ ಕಷ್ಟ. ಮಾತ್ರೆ ಬಿಟ್ಟು ಬರೀ ಮೆಂತ್ಯ ಅಂದ್ರೆ, ಬಟ್ಟೆ ಇಲ್ಲದೆ ಬರೀ ಗುಂಡಿ ಹೊಲಿದ ಹಾಗೆ."

ಅತ್ತೆ ಅಲ್ಲಿಯ ತನಕ ಗೋಡೆಗೆ ಒರಗಿ ನಿಂತಿದ್ದರು. "ಕಾಲು ಉಳಿಯುತ್ತಾ?" ಎಂದರು.

"ಈಗಲೇ ಹೇಳಕ್ಕಾಗಲ್ಲಮ್ಮ."

ಅಂಗಡಿಯಲ್ಲಿ ಕಾಲಿಲ್ಲದೆ ನಡೆಯುವ ಕೆಲಸ ಒಂದೂ ಇಲ್ಲ. ಯಂತ್ರ ತುಳಿಯುವುದು ಕಾಲು, ಅಳತೆಗೆ ನಿಲ್ಲುವುದು ಕಾಲು. ಮಾವನವರು ಆಸ್ಪತ್ರೆಯ ಹಾಸಿಗೆಯಲ್ಲಿ ಕಾಲನ್ನು ದಿಂಬಿನ ಮೇಲೆ ಏರಿಸಿಕೊಂಡು ಮಲಗಿದರು. ನೋಡಲು ಬಂದವರೆಲ್ಲ ಒಂದೊಂದು ಹೊಸ ಮದ್ದು ತಂದರು. ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಯಾವುದೋ ಚಕ್ಕೆ, ಯಾವುದೋ ಬೇರು. ಅತ್ತೆ ವಾರ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು.

"ಬನ್ನಿ, ಬನ್ನಿ. ಮದ್ದನ್ನ ಚಪ್ಪಲಿ ಹತ್ರ ಬಿಟ್ಟು ಒಳಗೆ ಬನ್ನಿ."

ಕಟಿಂಗ್ ಅಂಗಡಿಯವರು ಬರಿಗೈಯಲ್ಲಿ ಬಂದರು. ಹಾಸಿಗೆಯ ಪಕ್ಕ ಕೂತು, ಬೇರೆ ಕೆಲಸವಿಲ್ಲದೆ ಮಾವನವರ ಕೂದಲನ್ನು ಬೆರಳಿನಿಂದ ಸರಿಮಾಡಿದರು.

"ನೀನು ಮಾತ್ರೆ ತಗೋತಿದ್ದೀಯಾ?" ಮಾವನವರು ಥಟ್ಟನೆ ಕೇಳಿದರು.

"ನೀವೇ ತಾನೆ ಬಿಡು ಅಂದಿದ್ದು?"

ಮಾವನವರು ಎದ್ದು ಕೂರಲು ಹೋದರು. "ನಾನು ಟೈಲರ್ ಕಣಯ್ಯಾ! ಪ್ಯಾಂಟಿನ ವಿಷಯ ಬಿಟ್ಟು ಬೇರೆ ಏನು ಹೇಳಿದ್ರೂ ಯಾಕಯ್ಯಾ ಕೇಳ್ತೀಯಾ?"

"ಪ್ಯಾಂಟಿನ ವಿಷಯಾನೂ ನೀವು ಸರಿಯಾಗಿ ಹೇಳ್ತಿರಲಿಲ್ಲ ಬಿಡಿ, ಈಚೆಗೆ."

ಅಂದು ಮಧ್ಯಾಹ್ನವೇ ಮಾವನವರು ನನ್ನನ್ನು ಕರೆದು ಫೋನು ಹಿಡಿಸಿದರು. ಅವರಿಗೆ ಗಿರಾಕಿಗಳ ಹೆಸರು ನೆನಪಿರುವುದಿಲ್ಲ, ಸೊಂಟ ನೆನಪಿರುತ್ತದೆ. "ನಲವತ್ತು, ಎಡ ಭುಜ ಇಳಿದಿರೋರು, ಬ್ಯಾಂಕಿನವರು. ಅವರಿಗೆ ಹೇಳು. ಮೂವತ್ತಾರು, ಉದ್ದ ತೋಳು, ಗ್ಯಾರೇಜಿನವನು. ಅವನಿಗೆ ಬೈದು ಹೇಳು, ಕೇಳಲ್ಲ." ನಾನು ಒಬ್ಬೊಬ್ಬರಿಗೂ ಹೇಳಿದೆ: ಮಾತ್ರೆ ಬಿಡಬೇಡಿ, ಡಾಕ್ಟರನ್ನು ನೋಡಿ, ಮಾಸ್ಟರು ಹೇಳಿದ್ದಾರೆ. ಕೆಲವರು ಬೈದರು. ಕೆಲವರು, ತಾವು ಮೆಂತ್ಯ ಮುಟ್ಟಿಯೇ ಇಲ್ಲ, ಸುಮ್ಮನೆ ಮಾಸ್ಟರ ಮನಸ್ಸಿಗೆ ನೋವಾಗಬಾರದೆಂದು ಹೂಂಗುಟ್ಟಿದ್ದು ಎಂದರು. ಅದನ್ನು ನಾನು ಮಾವನವರಿಗೆ ತಿಳಿಸಿದಾಗ ಅವರಿಗೆ ನಿಜಕ್ಕೂ ನೋವಾಯಿತು. ಇನ್ಸ್‌ಪೆಕ್ಟರು ಮಾತ್ರ, "ಮನೇಲಿ ಹೇಳ್ತೀನಿ," ಎಂದು ಫೋನಿಟ್ಟರು.

ಕಿರುಬೆರಳು ಹೋಯಿತು. ಕಾಲು ಉಳಿಯಿತು. "ಒಂದು ಬೆರಳು ಆಲ್ಟರೇಶನ್‌ನಲ್ಲಿ ಹೋಯ್ತು," ಎಂದರು ಮಾವ. ಅತ್ತೆ ಆ ಮಾತಿಗೆ ನಗದೆ ಮುಖ ತಿರುಗಿಸಿದರು. ಆಮೇಲೆ ಕಾರಿಡಾರಿಗೆ ಹೋಗಿ ನಕ್ಕು ಬಂದರೋ ಅತ್ತು ಬಂದರೋ ನಾನು ಕೇಳಲಿಲ್ಲ.

ಗಾಯ ಮಾಯ್ದ ಮೇಲೆ ಡಾಕ್ಟರಮ್ಮ ಇನ್ನೊಂದು ಪರೀಕ್ಷೆಗೆ ಕರೆದರು. ನಾವು ಮೂವರೂ ಹೋದೆವು. ತಮ್ಮ ಸಕ್ಕರೆ ತೋರಿಸಲೆಂದು ಕಟಿಂಗ್ ಅಂಗಡಿಯವರೂ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಡಾಕ್ಟರಮ್ಮನ ಕೈಯಲ್ಲಿ ಕೂದಲಿನಂಥ ಒಂದು ಎಳೆ ಇತ್ತು.

"ಕಣ್ಣು ಮುಚ್ಚಿ ಮಾಸ್ಟ್ರೇ. ಇದರಲ್ಲಿ ಕಾಲು ಮುಟ್ತೀನಿ. ಗೊತ್ತಾದಾಗ 'ಹೌದು' ಅನ್ನಿ."

ಮಾವನವರು ಕಣ್ಣು ಮುಚ್ಚಿದರು. ಪರೀಕ್ಷೆ ಎಂದರೆ ಪಾಸಾಗಬೇಕು ಎಂಬುದು ಅವರ ಮುಖದಲ್ಲೇ ಇತ್ತು.

"ಹೌದು," ಎಂದರು. ಸ್ವಲ್ಪ ಬಿಟ್ಟು, "ಹೌದು." ಮತ್ತೆ, ಯಂತ್ರ ತುಳಿದಷ್ಟು ಲಯವಾಗಿ, "ಹೌದು. ಹೌದು."

ಡಾಕ್ಟರಮ್ಮನ ಕೈ ಗಾಳಿಯಲ್ಲೇ ನಿಂತಿತ್ತು. ಅವರು ಅತ್ತೆಯ ಕಡೆ ನೋಡಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

"ಮಾಸ್ಟ್ರೇ," ಡಾಕ್ಟರಮ್ಮ ಮೆಲ್ಲನೆ ಹೇಳಿದರು, "ನಾನಿನ್ನೂ ಮುಟ್ಟೇ ಇಲ್ಲ."

ಮಾವನವರು ಕಣ್ಣು ತೆರೆಯಲಿಲ್ಲ. ಮುಚ್ಚಿದ ರೆಪ್ಪೆಗಳು ಮಾತ್ರ ಒಮ್ಮೆ ಬಿಗಿಯಾದವು. ಎಳೆ ಈಗ ನಿಜವಾಗಿಯೂ ಹೆಬ್ಬೆರಳಿಗೆ ತಾಗಿತು. ಅವರು ಸುಮ್ಮನಿದ್ದರು. ಹಿಮ್ಮಡಿಗೆ ತಾಗಿತು. ಸುಮ್ಮನಿದ್ದರು. ಎಳೆ ಮೇಲೇರುತ್ತ ಕಣಕಾಲಿನ ಗಂಟು ದಾಟಿತು.

"ಇಲ್ಲಿ," ಎಂದರು ಮಾವ. ದನಿ ಬೇರೆಯಾಗಿತ್ತು. "ಇಲ್ಲಿ, ಒಂಚೂರು."

"ಇದರ ಕೆಳಗೆ?"

ಮಾವನವರು ತಲೆ ಅಲ್ಲಾಡಿಸಿದರು.

"ಇಲ್ಲ."

ಕಣ್ಣು ತೆರೆದು, ಅಂಗಿಯ ಜೇಬಿಗೆ ಕೈಹಾಕಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ ತೆಗೆದರು. "ಇನ್ನೊಂದ್ಸಲ ಮುಟ್ಟಿ ಡಾಕ್ಟ್ರೇ." ಡಾಕ್ಟರಮ್ಮ ಮುಟ್ಟಿದ್ದು ಗೊತ್ತಾದ ಕಡೆಯೆಲ್ಲ ಮಾವನವರು ಒಂದೊಂದು ಚುಕ್ಕೆ ಇಟ್ಟು, ಪ್ಯಾಂಟಿನ ಕೆಳಗಂಚಿಗೆ ಗುರುತು ಮಾಡುವ ಹಾಗೆ ಕಾಲಿನ ಸುತ್ತ ಒಂದು ಗೆರೆ ಎಳೆದರು. ಗೆರೆ ಎಲ್ಲೂ ಸೊಟ್ಟಗಾಗಲಿಲ್ಲ. ಇನ್ನೊಂದು ಕಾಲಿಗೂ ಹಾಗೇ ಎಳೆದರು.

"ಇಲ್ಲಿಂದ ಕೆಳಗೆ ದಿನಾ ಕಣ್ಣಲ್ಲಿ ನೋಡ್ಕೋಬೇಕು. ಅಷ್ಟೇ ತಾನೇ?"

"ದಿನಾ. ಬೆರಳ ಸಂದಿ, ಅಂಗಾಲು, ಎಲ್ಲ. ಬರಿಗಾಲು ಬೇಡವೇ ಬೇಡ."

"ಅಂಗಾಲು ನನಗೆ ಕಾಣಲ್ಲ ಡಾಕ್ಟ್ರೇ, ಅಷ್ಟು ಬಗ್ಗಕ್ಕಾಗಲ್ಲ." ಅವರು ಅತ್ತೆಯ ಕಡೆ ತಿರುಗಿದರು. ಮಾತ್ರೆಗೆ ಬಾಯಿ ತೆರೆದು ತೋರಿಸುವುದಕ್ಕೇ ಅಷ್ಟು ವರ್ಷ ರೇಗಿದ ಮನುಷ್ಯ, ಗೆರೆ ಎಳೆದ ಎರಡೂ ಕಾಲನ್ನು ಮುಂದಕ್ಕೆ ಚಾಚಿದರು. "ನೋಡೇ, ಈ ಗೆರೆಯಿಂದ ಕೆಳಗಿನದು ಇನ್ನು ನಿನ್ನ ಜವಾಬ್ದಾರಿ."

ಅತ್ತೆ ಕನ್ನಡಕ ಏರಿಸಿ, ಅಲ್ಲೇ ಬಗ್ಗಿ ಕೂತು, ಬಲಗಾಲನ್ನು ತೊಡೆಯ ಮೇಲೆ ಎಳೆದುಕೊಂಡರು.

"ಗೆರೆಯಿಂದ ಮೇಲಿನದನ್ನ ಇಷ್ಟು ವರ್ಷ ಯಾರು ನೋಡ್ತಿದ್ರು ಅಂದ್ಕೊಂಡಿದ್ರಿ?" ಎಂದು ಬೆರಳ ಸಂದಿಯನ್ನು ಒಂದೊಂದಾಗಿ ಬಿಡಿಸಿ ನೋಡಲಾರಂಭಿಸಿದರು.